ಮುಂದಿನೆರಡು ಸಾಕು

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ನನಗೊಂದು ಕೆಟ್ಟ ಚಟ ಅಂಟಿಕೊಂಡಿತು. ಯಾರದೇ ಕಾರು ನಿಂತಿದ್ದರೂ ಬಗ್ಗಿ ಅದರ ಟೈರಿನ ಪಕ್ಕೆಗೆ ಹೆಬ್ಬೆರಳು ಒತ್ತಿ ನೋಡುವುದು. ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಸಂಜೆ ವಾಕಿಂಗ್ ಹೊರಟರೆ ಗೇಟಿಗೊಂದು ಸಲ ನಿಲ್ಲುತ್ತಿದ್ದೆ. ಮೂಲೆಯ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಂದು ದಿನ ಹತ್ತಿರ ಬಂದು, "ಏನ್ ಸಾರ್, ಗಾಳಿ ಬಿಡ್ತಿದೀರಾ?" ಎಂದು ಕೇಳಿಯೇಬಿಟ್ಟ. ಜೀವಮಾನವೆಲ್ಲ ಪಿಯು ಕಾಲೇಜಿನಲ್ಲಿ ಪಾಠ ಮಾಡಿ, ಹುಡುಗರನ್ನು ಗದರಿಸಿಕೊಂಡು ಬಂದವನು ನಾನು. ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, "ಮೆತ್ತಗಿದೆಯಾ ಅಂತ ನೋಡ್ದೆ ಕಣಪ್ಪಾ" ಎಂದು ನಿಜವನ್ನೇ ಹೇಳಿದೆ. ಅವನ ಅನುಮಾನ ಅದರಿಂದ ಹೆಚ್ಚೇ ಆಯಿತು.

ನನಗೆ ಬೇಕಿದ್ದದ್ದು ಅಂಥದೊಂದು ಟೈರು. ಮೆತ್ತಗಿರಬೇಕು, ಸದ್ದು ಮಾಡಬಾರದು, ಮಳೆಯಲ್ಲಿ ಜಾರಬಾರದು. ಅಂಥದ್ದು ಇದೆಯೋ ಇಲ್ಲವೋ ಎಂದು ಹಗಲೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಿದ್ದ. ಸಿಗ್ನಲ್ಲಿನಲ್ಲಿ ಪಕ್ಕದ ಕಾರು ಹೊರಡುವಾಗ ಗಾಜಿಳಿಸಿ ಅದರ ಟೈರಿನ ಸದ್ದಿಗೆ ಕಿವಿಗೊಡುತ್ತಿದ್ದೆ. ತಣಿಸಂದ್ರದಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪಾ, ಕ್ಯಾಬ್ ಮಾಡ್ಕೊಂಡು ಹೋಗಿ, ಯಾಕಿಷ್ಟು ತಲೆ ಕೆಡಿಸ್ಕೋತೀರ?" ಎಂದರೆ ರೇಗಿಬಿಡುತ್ತಿದ್ದೆ. ಕ್ಯಾಬಿನವನಿಗೆ ಏನು ಗೊತ್ತು ಹಿಂದಿನ ಸೀಟಿನಲ್ಲಿ ಯಾರು ಮಲಗಿದ್ದಾರೆಂದು?

ಹಿಂದಿನ ಸೀಟಿನಲ್ಲಿ ಮಲಗುವವಳು ನನ್ನ ಹೆಂಡತಿ. ಅವಳಿಗೆ ವಾರಕ್ಕೆ ಮೂರು ದಿನ ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಹೋಗುವಾಗ ಹೇಗೋ ಕೂತಿರುತ್ತಾಳೆ. ಬರುವಾಗ ಹಿಂಡಿಟ್ಟ ಬಟ್ಟೆಯ ಹಾಗಾಗಿರುತ್ತಾಳೆ. ಸೂಜಿ ಚುಚ್ಚಿದ ಕೈಯನ್ನು ಎದೆಯ ಮೇಲೆ ದಿಂಬಿಟ್ಟು ಅದರ ಮೇಲಿಟ್ಟುಕೊಂಡು, ಕಾಲು ಮಡಚಿ ಮಲಗಿಬಿಡುತ್ತಾಳೆ. ತಲೆನೋವು, ವಾಕರಿಕೆ, ಮೀನಖಂಡದಲ್ಲಿ ಸೆಳೆತ. ಕೊಡಿಗೇಹಳ್ಳಿಯಿಂದ ನಮ್ಮ ಮನೆಯವರೆಗೆ ಪ್ರತಿಯೊಬ್ಬರೂ ತಮ್ಮ ಮನೆಮುಂದೆ ಒಂದೊಂದು ಹಂಪ್ ಹಾಕಿಸಿಕೊಂಡಿದ್ದಾರೇನೋ ಅನಿಸುತ್ತದೆ. ಎಷ್ಟು ನಿಧಾನಕ್ಕೆ ಹತ್ತಿಸಿದರೂ ಇಳಿಯುವಾಗ ಒಮ್ಮೆ ಧಡ್ ಎನ್ನುತ್ತದೆ, ಹಿಂದಿನಿಂದ ಸಣ್ಣದೊಂದು ನರಳಿಕೆ ಕೇಳುತ್ತದೆ.

ಕುಲುಕಾಟಕ್ಕಿಂತ ಟೈರಿನ ಸದ್ದು ಅವಳನ್ನು ಹೆಚ್ಚು ಕಾಡುತ್ತಿತ್ತು. ಹಳೆಯ ಟೈರುಗಳು ಒಂದೇ ಸಮ ಗುಂಯ್ ಎನ್ನುತ್ತಿದ್ದವು. "ಮಿಷಿನ್ ಬಿಟ್ಟು ಎದ್ದು ಬಂದ್ರೂ ಮಿಷಿನ್ ಸದ್ದು ಬಿಡಲ್ಲ ಕಣ್ರೀ. ಕಾರಲ್ಲೂ ಅದೇ" ಎಂದು ಒಂದು ದಿನ ಅಂದಳು. ಅಂದಿನಿಂದ ನನಗೂ ಆ ಗುಂಯ್ ಬಿಟ್ಟರೆ ಬೇರೆ ಕೇಳಿಸದಂತಾಯಿತು.

ಆಮೇಲೆ ಹೆಬ್ಬಾಳ ಫ್ಲೈಓವರಿನ ಮೇಲೆ ಆ ಮಧ್ಯಾಹ್ನ. ಮೊದಲ ಮಳೆ, ರಸ್ತೆಯ ಮೇಲೆ ಎಣ್ಣೆ ಬೆರೆತ ನೀರು. ಇಳಿಜಾರಿನಲ್ಲಿ ಮುಂದಿದ್ದ ಟೆಂಪೋ ಗಕ್ಕನೆ ನಿಂತಿತು. ನಾನು ಬ್ರೇಕ್ ಒತ್ತಿದೆ, ಕಾರು ನಿಲ್ಲಲಿಲ್ಲ. ಜಾರಿತು. ಸ್ಟಿಯರಿಂಗ್ ನನ್ನ ಕೈಯಲ್ಲಿದ್ದೂ ಇಲ್ಲದ ಹಾಗೆ, ಟೆಂಪೋದ ಹಿಂಬದಿ ದೊಡ್ಡದಾಗುತ್ತಾ ಬಂತು. ಹೇಗೆ ನಿಂತಿತೋ ಗೊತ್ತಿಲ್ಲ, ಎರಡರ ನಡುವೆ ಕೈ ತೂರಿಸುವಷ್ಟು ಜಾಗವಿತ್ತು. ತಿರುಗಿ ನೋಡಿದರೆ ಅವಳು ಕಣ್ಣು ಬಿಟ್ಟುಕೊಂಡೇ ಇದ್ದಳು. ಎಲ್ಲವನ್ನೂ ನೋಡಿದ್ದಳು, ಕೂಗಿರಲಿಲ್ಲ.

"ಆಗೋದಾಗಿದ್ರೆ ಆಗ್ಹೋಗ್ತಿತ್ತು ಬಿಡಿ" ಎಂದಳು.

ಜಿರಲೆ ಕಂಡರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುವವಳು. ನಾನು ಸ್ಕೂಟರಿನಲ್ಲಿ ಸ್ವಲ್ಪ ಜೋರಾಗಿ ಹೋದರೆ ಬೆನ್ನಿಗೆ ಗುದ್ದುತ್ತಿದ್ದವಳು. ಅವಳಿಗೆ ಭಯವಾಗಲಿಲ್ಲ ಎಂಬುದನ್ನು ಕಂಡು ನನಗೆ ಆದ ಭಯ ಟೆಂಪೋ ಕಂಡಾಗಲೂ ಆಗಿರಲಿಲ್ಲ.

ಅದರ ಮುಂದಿನ ವಾರ ಗುರುವಾರ ಅವಳು ಹೊರಡಲೇ ಇಲ್ಲ. ಮೈ ಬಿಸಿಯಿದೆ ಎಂದಳು, ನಾನು ಮುಟ್ಟಿ ನೋಡಿದರೆ ತಣ್ಣಗಿತ್ತು. ಶನಿವಾರ ಮಗಳು ಬಂದು ಅತ್ತು ಕರೆದು ಹೊರಡಿಸಿದಳು. ತಪ್ಪಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ನಮ್ಮಿಬ್ಬರನ್ನೂ ಚಿಕ್ಕ ಮಕ್ಕಳನ್ನು ಬೈದ ಹಾಗೆ ಬೈದರು. ಅವಳು ತಲೆಯಾಡಿಸಿದಳು. ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಹೇಳಿದಳು, "ಮಂಗಳವಾರದಿಂದ ನಾನ್ ಬರಲ್ಲ ಕಣ್ರೀ. ಸಾಕಾಗಿದೆ. ಅಲ್ಲಿ ಮಲಗೋದು ಹೆಂಗೋ ತಡೀಬಹುದು, ಈ ಹೋಗಿ ಬರೋದು ನನ್ ಕೈಲಾಗಲ್ಲ."

ನಾನು ಆ ಕೊನೆಯ ಮಾತನ್ನು ಹಿಡಿದುಕೊಂಡೆ. ಹೋಗಿ ಬರುವುದು ತಾನೇ ಕಷ್ಟ? ಅವಳ ಕಿಡ್ನಿ ನನ್ನ ಕೈಯಲ್ಲಿರಲಿಲ್ಲ. ಟೈರು ನನ್ನ ಕೈಯಲ್ಲಿತ್ತು. ಮಂಗಳವಾರದೊಳಗೆ ಟೈರು ಬದಲಾಗಲೇಬೇಕು ಎಂದು ತೀರ್ಮಾನಿಸಿದೆ.

ಭಾನುವಾರ ಬೆಳಗ್ಗೆ ಅವಳನ್ನೂ ಹೊರಡಿಸಿದೆ. ಕೂತು ನೋಡಿ ಹೇಳಬೇಕಾದವಳು ಅವಳು ಎಂಬುದು ನೆಪ. ಅವಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ನನಗೆ ಧೈರ್ಯವಿರಲಿಲ್ಲ. ಭಾನುವಾರ ಅವಳು ಸ್ವಲ್ಪ ಗೆಲುವಾಗಿರುತ್ತಾಳೆ. ತಲೆ ಬಾಚಿಕೊಂಡು, ಹಣೆಗಿಟ್ಟುಕೊಂಡು ಬಂದಳು. ಕಾರು ಹತ್ತುತ್ತಾ, "ಮುಂದಿನೆರಡು ಸಾಕು" ಎಂದಳು.

"ಏನು?"

"ಟೈರು. ಮುಂದಿನೆರಡು ಹಾಕಿಸಿ ಸಾಕು. ನಾಲ್ಕೂ ಯಾಕೆ? ಹಿಂದಿನವು ಇನ್ನೂ ಚೆನ್ನಾಗೇ ಇದಾವೆ."

ಎರಡೆರಡೇ ಬದಲಾಯಿಸುವುದು ನಮ್ಮ ಮನೆಯಲ್ಲಿ ಹೊಸದಲ್ಲ. ಮಧ್ಯಮ ವರ್ಗದವರೆಲ್ಲ ಮಾಡುವುದೇ ಅದು, ಮುಂದಿನವು ಸವೆದರೆ ಮುಂದಿನವು, ವರ್ಷ ಬಿಟ್ಟು ಹಿಂದಿನವು. ಆದರೂ ನನಗೆ ಎದೆಯಲ್ಲಿ ಏನೋ ಚುರ್ ಎಂದಿತು. ಅವಳು ಕೂರುವುದು ಹಿಂದೆ. ಸದ್ದು ಬರುವುದೂ, ಧಡ್ ಎನ್ನುವುದೂ ಅವಳ ಕೆಳಗಿನ ಆ ಎರಡರಿಂದಲೇ. "ಹಿಂದೆ ಕೂರೋಳು ನೀನು ಕಣೇ" ಎಂದೆ.

"ಓಡ್ಸೋರು ನೀವು. ನಿಮಗೆ ಸೇಫಾಗಿದ್ರೆ ಸಾಕು" ಎಂದು ಕಿಟಕಿಯ ಕಡೆ ತಿರುಗಿದಳು.

ಬಾಗಲಗುಂಟೆಯ ಹತ್ತಿರ, ಹೆಸರಘಟ್ಟ ರಸ್ತೆಯಲ್ಲಿ ಒಂದು ಟೈರ್ ಅಂಗಡಿ ನೋಡಿಟ್ಟಿದ್ದೆ. ಮಾಲೀಕರು ನನ್ನ ವಯಸ್ಸಿನವರೇ, ಬಿಳಿ ಟೋಪಿ, ಗೋರಂಟಿ ಬಣ್ಣದ ಗಡ್ಡ. ಫೋನಿನಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ಅವಳಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿ, ನನ್ನ ಮುಂದೆ ಟೈರುಗಳನ್ನು ಉರುಳಿಸಿದರು.

"ಇದು ಆಲ್ ಸೀಸನ್ ಸಾರ್. ಮಳೆ, ಬಿಸ್ಲು, ಚಳಿ, ಎಲ್ಲಾಕೂ ಆಗ್ತದೆ."

"ಇಲ್ಲಿ ಒಂದೇ ದಿನದಲ್ಲಿ ಮೂರೂ ಬರ್ತವಲ್ಲ ಸಾಹೇಬ್ರೇ" ಎಂದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ. ಮೆತ್ತಗೆ ಯಾವುದು, ಸದ್ದಿಲ್ಲದ್ದು ಯಾವುದು, ನೀರಲ್ಲಿ ಹಿಡಿತ ಯಾವುದಕ್ಕೆ ಎಂದು ಒಂದೇ ಉಸಿರಿಗೆ ಕೇಳಿದೆ. ಅವರು ಒಂದನ್ನು ತಟ್ಟಿ ತೋರಿಸಿದರು. "ಇದು ಬೆಣ್ಣೆ ಸಾರ್. ಸದ್ದೇ ಬರಲ್ಲ. ಆದ್ರೆ ಸುಳ್ಳು ಯಾಕೆ ಹೇಳ್ಲಿ, ಬೇಗ ಸವೀತದೆ. ಎರಡು ವರ್ಷ ಅಷ್ಟೇ." ಇನ್ನೊಂದರ ಆಳವಾದ ಗೆರೆಗಳಲ್ಲಿ ಬೆರಳಾಡಿಸಿದರು. "ಇದು ನೋಡಿ, ನೀರನ್ನ ಕೊಯ್ದು ಹೊರಗೆ ಹಾಕ್ತದೆ, ಹಿಡಿತ ಫಸ್ಟ್ ಕ್ಲಾಸ್. ಸ್ವಲ್ಪ ಗಟ್ಟಿ, ಸದ್ದು ಅದಕ್ಕಿಂತ ಒಂಚೂರು ಜಾಸ್ತಿ. ಆದ್ರೆ ಐದು ವರ್ಷ ಈ ಕಡೆ ತಿರುಗಿ ನೋಡೋ ಹಾಗಿಲ್ಲ."

ಐದು ವರ್ಷ ಎಂಬ ಮಾತು ಅಂಗಡಿಯಲ್ಲಿ ಹಾಗೇ ನಿಂತಿತು. ನಾನು ಅವಳ ಕಡೆ ನೋಡಲಿಲ್ಲ.

"ಬೇಗ ಸವೆಯೋದೇ ಸಾಕಲ್ವೇನ್ರೀ" ಎಂದಳು ಅವಳು, ಸಂತೆಯಲ್ಲಿ ಸೊಪ್ಪು ಆರಿಸುವ ದನಿಯಲ್ಲಿ. "ಮುಂದಿನೆರಡು. ನಾಲ್ಕು ಬೇಡ."

"ಮೇಡಂ ಹೇಳೋದು ಕರೆಕ್ಟೇ ಸಾರ್. ಹಿಂದಿನವು ಇನ್ನೂ ಓಡ್ತವೆ" ಎಂದು ಆ ಪುಣ್ಯಾತ್ಮರೂ ಸೇರಿಸಿದರು.

ಅಷ್ಟು ದಿನ ನಾನು ಹುಡುಕಿದ್ದು ಆ ಬೆಣ್ಣೆಯಂಥ ಟೈರನ್ನೇ. ಹೆಬ್ಬೆರಳು ಒತ್ತಿದೆ, ಹಿತವಾಗಿ ಒಳಗೆ ಹೋಯಿತು. ಅದನ್ನೇ ಕೊಡಿ ಎಂದಿದ್ದರೆ ಮುಗಿದಿತ್ತು. ಆದರೆ ಅವಳ ಬಾಯಲ್ಲಿ ಆ ಮಾತು ಬಂದ ಮೇಲೆ ಅದನ್ನು ತೆಗೆದುಕೊಂಡರೆ ಅವಳ ಲೆಕ್ಕಕ್ಕೆ ನಾನು ಹೂಂಗುಟ್ಟಿದ ಹಾಗಾಗುತ್ತದೆ ಅನಿಸಿತು. ಬೇಡವೆನ್ನಲು ಕಾರಣ ಹೇಳಬೇಕು, ಕಾರಣವನ್ನು ಆ ಅಂಗಡಿಯಲ್ಲಿ ನಿಂತು ಹೇಗೆ ಹೇಳುವುದು? ಹೇಳಬೇಕಾದ ಮಾತು ಬಾಯಿಗೆ ಬಾರದಾಗ ನನಗೆ ಬರುವುದು ಸಿಟ್ಟು.

"ನಾಲ್ಕೂ ಹಾಕಿ" ಎಂದು ಕಿರುಚಿದೆ. "ಐದು ವರ್ಷದ್ದೇ ಹಾಕಿ. ನಾಲ್ಕೂ!"

ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮಾಲೀಕರು ಒಮ್ಮೆ ನನ್ನನ್ನು, ಒಮ್ಮೆ ಅವಳ ತೋಳಿನ ಬ್ಯಾಂಡೇಜನ್ನು ನೋಡಿ, ಸುಮ್ಮನೆ ಜಾಕ್ ತರಿಸಿದರು. ಅವಳು ಕರ್ಚೀಫಿಗೆಂದು ಕೈಚೀಲ ತೆರೆದಳು. ಒಳಗೆ ಎರಡು ನಿಂಬೆಹಣ್ಣು ಕಂಡವು. ಹೊಸ ಚಕ್ರ ನಿಂಬೆಹಣ್ಣಿನ ಮೇಲೆ ಹತ್ತದೆ ಮನೆಯ ಗೇಟು ದಾಟಬಾರದು, ಅದು ಅವಳ ಶಾಸ್ತ್ರ. ಚಕ್ರಕ್ಕೊಂದು ಹಣ್ಣು. ಅವಳು ಮನೆಯಿಂದಲೇ ಎರಡು ಮಾತ್ರ ಇಟ್ಟುಕೊಂಡು ಬಂದಿದ್ದಳು.

ಹೊರಟ ಮೇಲೆ ಶುರುವಾಯಿತು ನನ್ನ ಪೇಚಾಟ. ಹಟಕ್ಕೆ ಬಿದ್ದು ಗಟ್ಟಿ ಟೈರು ಹಾಕಿಸಿಬಿಟ್ಟೆನಲ್ಲ! ಇದು ಕುಲುಕಿದರೆ? ಇದೂ ಗುಂಯ್ ಎಂದರೆ? ಮಂಗಳವಾರಕ್ಕೆ ಇನ್ನು ಏನು ಹೇಳಿ ಹೊರಡಿಸಲಿ? ಇನ್ನೊಂದು ಸಲ ಬದಲಾಯಿಸಲು ಯಾರು ಬಿಟ್ಟಾರು? ದಾಸರಹಳ್ಳಿಯ ಗಲಾಟೆಯಲ್ಲಿ ಏನೂ ಗೊತ್ತಾಗಲಿಲ್ಲ. ಜಾಲಹಳ್ಳಿ ದಾಟಿ ಮರಗಳ ರಸ್ತೆಗೆ ಬಂದ ಮೇಲೆ ಗಾಜು ಏರಿಸಿ ಕಿವಿ ನಿಮಿರಿಸಿದೆ. ಗುಂಯ್ ಇರಲಿಲ್ಲ. ಮೊದಮೊದಲು ಕಿವಿ ಕಟ್ಟಿದೆಯೇನೋ ಅಂದುಕೊಂಡೆ. ಎಸಿಯ ಗಾಳಿ, ಅವಳ ಬಳೆ, ಡಿಕ್ಕಿಯಲ್ಲಿ ಉರುಳುವ ನೀರಿನ ಬಾಟಲಿ, ಇಷ್ಟು ದಿನ ಮುಚ್ಚಿಹೋಗಿದ್ದ ಚಿಕ್ಕಪುಟ್ಟ ಸದ್ದೆಲ್ಲ ಒಂದೊಂದಾಗಿ ಕೇಳತೊಡಗಿದವು. ಹೊಸ ಟೈರು ಎಲ್ಲವೂ ಹೀಗೇ ಇರುತ್ತವೆ, ನಾಲ್ಕು ದಿನ ಕಳೆದರೆ ತಾನೇ ಬಣ್ಣ ಬಯಲಾಗುವುದು ಎಂದು ಹೆದರಿಕೊಂಡೇ ಓಡಿಸಿದೆ.

ಹಂಪ್ ಬಂತು. ಹತ್ತಿಸಿದೆ, ಇಳಿಸಿದೆ. ಮತ್ತೊಂದು. ಮತ್ತೊಂದು.

"ಯಾರಿಗ್ರೀ ಹೇಳ್ತಿರೋದು?" ಎಂದಳು.

"ಏನು ಹೇಳ್ದೆ? ನಾನೇನೂ ಹೇಳ್ಲಿಲ್ಲ."

"ಹೇಳಿದ್ರಿ. ಹಂಪ್ ಬಂದಾಗ್ಲೆಲ್ಲ ಸಾರಿ ಸಾರಿ ಅಂತೀರ. ಇಷ್ಟು ಹೊತ್ತಿಂದ ಕೇಳ್ತಾನೇ ಇದೀನಿ."

ನನಗೆ ಗೊತ್ತೇ ಇರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ಮುಂದಿನ ಹಂಪಿಗೆ ಬಾಯಿ ಬಿಗಿಹಿಡಿದೆ. ಚಕ್ರ ಇಳಿಯುವ ಹೊತ್ತಿಗೆ ತುಟಿ ತಾನಾಗಿ ಆಡಿತು, ಸಾರಿ ಎಂದು ನನಗೇ ಕೇಳಿಸಿತು.

"ದಿನಾ ಅಂತಿದ್ರಾ?" ಎಂದು ಕೇಳಿದಳು. ಕನ್ನಡಿಯಲ್ಲಿ ನೋಡಿದರೆ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಗಂಗಮ್ಮ ಸರ್ಕಲ್ ದಾಟುವವರೆಗೂ ಟೈರಾದರೂ ಸದ್ದು ಮಾಡಬಾರದೇ ಅನಿಸುವಷ್ಟು ಸುಮ್ಮನಿತ್ತು ಕಾರು.

ನಮ್ಮ ಬಡಾವಣೆಯ ಬಸ್ ಸ್ಟಾಪು ಬಂದಾಗ ಸಣ್ಣಗೆ ಹನಿಯುತ್ತಿತ್ತು. "ನಿಲ್ಸಿ, ನಿಲ್ಸಿ!" ಎಂದು ಅವಳು ಇದ್ದಕ್ಕಿದ್ದಂತೆ ಕೂಗಿದಳು. ವಾಂತಿ ಬಂತೇನೋ ಎಂದು ಜೀವ ಬಾಯಿಗೆ ಬಂದು ಬ್ರೇಕ್ ತುಳಿದೆ. ಕಾರು ಒದ್ದೆ ರಸ್ತೆಯ ಮೇಲೆ ಕದಲದೆ ನಿಂತಿತು.

"ಏನಾಯ್ತೇ?"

ಅವಳು ರಸ್ತೆಯಂಚಿನ ತರಕಾರಿ ಗಾಡಿಯನ್ನು ತೋರಿಸಿದಳು. "ಇನ್ನೆರಡು ನಿಂಬೆಹಣ್ಣು ತಗೊಂಡ್ಬನ್ನಿ."

ನಾನು ಇಳಿದೆ. ಛತ್ರಿ ಇರಲಿಲ್ಲ. ಗಾಡಿಯ ಹೆಂಗಸು ಎರಡು ಹಣ್ಣು ಎತ್ತಿಕೊಟ್ಟರೆ ಬೇಡವೆಂದು, ಬುಟ್ಟಿಯಲ್ಲಿದ್ದ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದೆ. ಕಣ್ಣು ಮಂಜಾಗಿ ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ. "ಅಯ್ಯ, ಎಲ್ಲಾ ಒಂದೇ ಸಾರ್, ತಗೊಳ್ಳಿ" ಎಂದು ಆಕೆ ಬೇಸರಪಟ್ಟುಕೊಂಡಳು.

ವಾಪಸ್ ಬಂದು ಕೂತು ಹಣ್ಣನ್ನು ಹಿಂದಕ್ಕೆ ಚಾಚಿದೆ. ಅವಳು ತೆಗೆದುಕೊಂಡು ಚೀಲದಲ್ಲಿ ಆ ಎರಡರ ಜೊತೆಗೆ ಹಾಕಿದಳು.

"ಮಂಗಳವಾರದಿಂದ ಸಾರಿ ಗೀರಿ ಬೇಡ" ಎಂದಳು. "ಹಂಪ್ ಬರೋಕ್ ಮುಂಚೆ ಒಂದ್ ಮಾತು ಹೇಳಿ ಸಾಕು. ಗಟ್ಟಿಯಾಗಿ ಹಿಡ್ಕೋತೀನಿ."