ಒಪ್ಪಿಸುವ ಹಾಡಿನಲ್ಲಿ ಅವ್ವ ತಡೆದ ಉಸಿರು

ಅಣ್ಣ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಮಗಳ ಮದುವೆಯನ್ನು ಮುಂದೂಡಿ ಎಂದರೆ ಬೀಗರು ಒಪ್ಪಲಿಲ್ಲ. "ಸತ್ತವ್ರು ನಿಮ್ಮ ತವರಮನಿಯವ್ರು, ನಮಗೇನ್ರಿ ಸೂತಕ?" ಎಂದರು.

ಅಣ್ಣನದು ಇಂಡಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ. ರಿಕಾರ್ಡ್ ಪ್ಲೇಯರನ್ನು ಟೆಂಪೋದಲ್ಲಿಟ್ಟುಕೊಂಡು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮದುವೆಗಳಿಗೆಲ್ಲ ಹೋಗುತ್ತಿದ್ದ. ಕ್ಯಾಸೆಟ್ ಬಂತು, ಸಿಡಿ ಬಂತು, ಅವನ್ನೂ ತಂದುಕೊಂಡ. ಹೆಣ್ಣು ಒಪ್ಪಿಸುವ ಹೊತ್ತಿಗೆ ಮಾತ್ರ ಒಂದೇ ರಿಕಾರ್ಡು. ಅದರಲ್ಲಿ ಹಾಡಿದವಳು ನಮ್ಮ ಅವ್ವ.

ಅವ್ವ ಹರೆಯದವಳಿದ್ದಾಗ ಯಾರೋ ಹುಬ್ಬಳ್ಳಿಗೆ ಕರೆದೊಯ್ದು ಅದನ್ನು ಹಾಡಿಸಿದ್ದರು; ಉಳಿದದ್ದು ಅಣ್ಣನ ಬಳಿಯ ಈ ಒಂದೇ ಪ್ರತಿ. ಎರಡನೆಯ ನುಡಿಯಲ್ಲಿ ಅವಳ ಗಂಟಲು ಕಟ್ಟುತ್ತದೆ. ಅಳು ನುಂಗಿದಂತೆ ಒಂದು ಉಸಿರು, ಆಮೇಲೆ ಮತ್ತೆ ಹಾಡು. ಅವರು ಇನ್ನೊಮ್ಮೆ ಹಾಡಿಸದೆ ಹಾಗೆಯೇ ಬಿಟ್ಟಿದ್ದರು. ಆ ಜಾಗ ಹತ್ತಿರವಾಗುತ್ತಿದ್ದಂತೆ ಅಣ್ಣ ವಾಲ್ಯೂಮ್ ಏರಿಸುತ್ತಿದ್ದ. ಅಲ್ಲಿಯವರೆಗೆ ಸೆರಗು ಕಚ್ಚಿ ತಡೆದುಕೊಂಡ ಹೆಂಗಸರು ಪೆಂಡಾಲಿನ ತುಂಬ ಅಳುತ್ತಿದ್ದರು. ನನ್ನನ್ನು ಒಪ್ಪಿಸಿದಾಗಲೂ ಹಾಗೆಯೇ. ಪಕ್ಕದಲ್ಲಿ ನಿಂತಿದ್ದ ಅವ್ವ ಅಳಲಿಲ್ಲ; ರಿಕಾರ್ಡಿನೊಳಗಿನ ಅವ್ವ ಅತ್ತಳು.

ಅವ್ವ ಹೋಗಿ ಬಹಳ ಕಾಲವಾಯಿತು. ನನ್ನ ಮಗಳನ್ನೂ ಅದೇ ದನಿಯಲ್ಲಿ ಒಪ್ಪಿಸಬೇಕೆಂಬುದೊಂದೇ ನನ್ನ ಆಸೆ. ಆಸ್ಪತ್ರೆಯಲ್ಲಿ ಮಲಗಿದಲ್ಲಿಂದಲೇ ಅಣ್ಣ, "ನಾ ಬಂದು ಹಾಕ್ತೇನಿ ತಗೋ" ಎಂದಿದ್ದ.

ಅಂಗಡಿ ಈಗ ಅವನ ಮಗನದು. ಅವನು ಡಿಜೆ. ಒಂದು ಲ್ಯಾಪ್‌ಟಾಪ್, ಗಾಡಿ ತುಂಬ ಸ್ಪೀಕರು. ರಿಕಾರ್ಡು ತಪ್ಪದೆ ತಾ ಎಂದು ಫೋನಿನಲ್ಲಿ ಹೇಳಿದ್ದೆ. "ಚಿಂತಿ ಬಿಡ್ರಿ ಅತ್ತಿ, ಅಜ್ಜಿ ಹಾಡು ರೆಡಿ ಐತಿ" ಎಂದಿದ್ದ.

ಒಪ್ಪಿಸುವ ಹೊತ್ತು ಬಂತು. ಅವ್ವನ ದನಿಯೂ ಬಂತು, ಎಳೆಯದಾಗಿ, ಅವಸರದಲ್ಲಿ. ಅದರ ಹಿಂದೆ ಎದೆಗೆ ಗುದ್ದುವ ಬೀಟು. ಗಂಡಿನ ಕಡೆಯ ಹುಡುಗರು ಸೀಟಿ ಹೊಡೆದು ಕುಣಿಯತೊಡಗಿದರು. ಬೀಗತಿಯ ಕೈಯಲ್ಲಿ ಕೈಯಿಟ್ಟು ನಿಂತಿದ್ದ ನನ್ನ ಮಗಳು ನಕ್ಕಳು. ಯಾರೋ ಮುದುಕಿ ಡಿಜೆಯತ್ತ ಕೂಗಿದಳು: "ಅತ್ತಿ ಮಗಳು ಕೈಬಿಟ್ಲಂತ ಹಿಂಗ ಸಿಟ್ಟು ತೀರಿಸ್ಕೊಳ್ಳಾಕತ್ತೀಯೇನಲೇ?" ಎಲ್ಲರೂ ನಕ್ಕರು. ನಾನು ಎರಡನೆಯ ನುಡಿಗೆ ಕಿವಿಗೊಟ್ಟು ನಿಂತೆ. ಅದು ಬಂದು ಹೋಯಿತು. ಉಸಿರು ಬರಲಿಲ್ಲ.

ಗಾಡಿಯ ಹತ್ತಿರ ಹೋದೆ.

"ಅಲ್ಲಿ ಅವ್ವ ಉಸಿರು ಹಿಡೀತಾಳಲ್ಲೋ, ಅದೆಲ್ಲಿ?"

"ಅದು ಮಿಸ್ಟೇಕ್ರಿ ಅತ್ತಿ. ಪಿನ್ನಿನ ಕರಕರ ಸಪ್ಪಳ ತಗಿಯೂ ಮುಂದ ಅದನ್ನೂ ತಗದೇನಿ. ಬೀಟಿಗೆ ಕೂಡವಲ್ದಾಗಿತ್ತು."

"ಮೊದಲಿಂದು ಇಟ್ಟೀಯಿಲ್ಲ?"

"ಡಿಲೀಟ್ ಮಾಡೇನ್ರಿ. ಜಾಗಾ ಸಾಲವಲ್ದು."

"ರಿಕಾರ್ಡ್ ಆದ್ರೂ ಕೊಡು."

ಅವನು ಗಾಡಿಯ ಮುಂಭಾಗಕ್ಕೆ ಕೈ ತೋರಿಸಿದ. ಬಣ್ಣದ ದೀಪಗಳ ನಡುವೆ ಅವ್ವನ ರಿಕಾರ್ಡು ಮಿರಿಮಿರಿ ಮಿಂಚುತ್ತಿತ್ತು. ಗೆರೆಗಳ ಮೇಲೆಯೇ ತೂತು ಕೊರೆದು ನಾಲ್ಕು ಸ್ಕ್ರೂ ಬಿಗಿದಿದ್ದ.

"ಪುಣೆದಿಂದ ಒಬ್ರು ಬಂದಿದ್ರು. ಈಗ ಸಿಟ್ಯಾಗ ರಿಕಾರ್ಡಿಗೆ ಭಾಳ ಡಿಮ್ಯಾಂಡ್ ಅಂತ. ಅಪ್ಪನ ಸಿನಿಮಾ ರಿಕಾರ್ಡು ಎಲ್ಲಾ ಒಯ್ದ್ರು. ಇದನ್ನಷ್ಟ ಒಲ್ಲೆ ಅಂದ್ರು. ಹಳ್ಳಿ ಹೆಂಗಸಿನ ಹಾಡು ಯಾರ್ ಕೇಳ್ತಾರ ಅಂದ್ರು. ಒಗಿಯೂದು ಬ್ಯಾಡಂತ ಇಲ್ಲಿ ಹಚ್ಚೇನಿ. ಚಂದ ಕಾಣತೈತಿಲ್ರಿ?"

ಅವನ ಮುಖದಲ್ಲಿ ಕಪಟವಿರಲಿಲ್ಲ. ನಾನು ಮೆಚ್ಚಿ ಬೆನ್ನು ತಟ್ಟಲೆಂದು ಕಾಯುತ್ತಿದ್ದ.

"ನಿಮ್ಮಪ್ಪ ಸತ್ತದ್ದ ಚಲೋ ಆತು" ಎಂದೆ. ಸುತ್ತ ನಿಂತವರಿಗೂ ಕೇಳಿಸಿತು. ಅವನು ಹೋಗಿ ವೈರು ಸುತ್ತತೊಡಗಿದ. ಊಟಕ್ಕೂ ನಿಲ್ಲಲಿಲ್ಲ. ಹೇಳಿದ್ದನ್ನು ನಾನು ಈವರೆಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಮಗಳು ಅತ್ತೆಮನೆಗೆ ಹೊರಟಾಗ ಯಾರೂ ಅಳಲಿಲ್ಲ. ನನಗೂ ಅಳು ಬರಲಿಲ್ಲ. ಬೀಗತಿ ಅದನ್ನೇ ಹಿಡಿದು, "ಹಡದಾಕಿ ಕಣ್ಣಾಗ ಒಂದು ಹನಿ ಇಲ್ಲ" ಎಂದು ತನ್ನ ಕಡೆಯವರಿಗೆ ಹೇಳಿದಳಂತೆ. ಮಗಳೇ ಫೋನಿನಲ್ಲಿ ತಿಳಿಸಿದಳು. ಹೇಳುವಾಗ ಅವಳ ದನಿಯೂ ಬಿರುಸಾಗಿತ್ತು.

ಆ ಹಾಡು ಈಗ ಸುತ್ತಲ ತಾಲೂಕುಗಳಲ್ಲೆಲ್ಲ ಓಡುತ್ತಿದೆ. ಬೇರೆ ಡಿಜೆಗಳೂ ಇವನಿಂದ ತುಂಬಿಸಿಕೊಂಡಿದ್ದಾರೆ. ಸಿಂದಗಿಯ ನಮ್ಮ ಓಣಿಯಲ್ಲಿ ಮೆರವಣಿಗೆ ಹಾಯ್ದಾಗ ನಮ್ಮ ಮನೆಯ ಕಿಟಕಿ ನಡುಗುತ್ತದೆ. ಅದನ್ನು ಎಲ್ಲ ಕಡೆಯಿಂದಲೂ ಅಳಿಸಿಬಿಡು ಎಂದು ಹೇಳಲು ಎಷ್ಟೋ ಸಲ ಫೋನು ಕೈಗೆ ತೆಗೆದುಕೊಂಡಿದ್ದೇನೆ. ನಾನು ಹೇಳಿದರೆ ಅವನು ಎಲ್ಲರ ಹತ್ತಿರದ್ದನ್ನೂ ಅಳಿಸಿಯೇ ಬಿಡುತ್ತಾನೆ, ಅಷ್ಟು ಒಳ್ಳೆಯ ಹುಡುಗ. ಆಮೇಲೆ ಅವ್ವನ ದನಿ ಎಲ್ಲಿಯೂ ಇರುವುದಿಲ್ಲ. ಅದಕ್ಕೇ ಫೋನು ಕೆಳಗಿಟ್ಟು, ಕಿಟಕಿ ತೆರೆದು, ಅದು ಓಣಿ ದಾಟುವವರೆಗೆ ಕೇಳುತ್ತ ನಿಲ್ಲುತ್ತೇನೆ.