ಎತ್ತಿ ಕುಡಿದ ಲೋಟ

ಅವನ ಟೈ ಯಾವಾಗಲೂ ಬೆನ್ನ ಮೇಲಿರುತ್ತಿತ್ತು. ನಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟಲು ಕುಳಿತ ಕೂಡಲೇ ಅದನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದ. ಇಲ್ಲದಿದ್ದರೆ ಬಾಳೆನಾರು ನೆನೆಹಾಕಿದ ನೀರಿನಲ್ಲಿ ಮುಳುಗಿ ಹೋಗುತ್ತಿತ್ತು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನ ಮೇಲೆ ಹೆಸರಿನ ಕಪ್ಪು ಪಟ್ಟಿ. ಶಂಕರಪುರದಲ್ಲಿ ಇಂಥ ವೇಷ ಹಾಕಿಕೊಂಡು ಹೂ ಕಟ್ಟಿದ ಇನ್ನೊಬ್ಬರನ್ನು ಎಪ್ಪತ್ತಮೂರು ವರ್ಷದಲ್ಲಿ ನಾನು ಕಂಡಿಲ್ಲ.

ಅವನು ಕ್ರೈಸ್ತರ ಮಾರ್ಮನ್ ಪಂಥದ ಪ್ರಚಾರಕ. ಆಂಧ್ರದ ಸಮುದ್ರದ ಕಡೆಯವನು, ಪ್ರಾಯ ಇಪ್ಪತ್ತೊಂದು. ಅವರಲ್ಲಿ ಹುಡುಗರು ಎರಡು ವರ್ಷ ಮನೆ ಬಿಟ್ಟು, ಕಳಿಸಿದ ಊರಿನಲ್ಲಿದ್ದು ಧರ್ಮದ ಮಾತು ಹೇಳಬೇಕಂತೆ. ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ, ಜೊತೆಗಾರ ಇರಲೇಬೇಕು. ಇವನ ಜೊತೆಗಾರ ನಾಗಾಲ್ಯಾಂಡಿನವನು. ಮಾತು ಕಡಿಮೆ, ನಾನು ಕರಿದ ಗೋಳಿಬಜೆ ತಿನ್ನುವುದು ಜಾಸ್ತಿ. ಇಬ್ಬರೂ ಮಣಿಪಾಲದಲ್ಲಿ ಕೋಣೆ ಹಿಡಿದು, ಉಡುಪಿ, ಕಾಪು ಎಂದು ಬಸ್ಸಿನಲ್ಲಿ ತಿರುಗುತ್ತಿದ್ದರು.

ಮೊದಲ ದಿನ ಗೇಟಿನ ಹೊರಗೆ ನಿಂತು ಕೇಳಿದ: “ಅಜ್ಜಿ, ನಿಮಗೆ ಏನಾದರೂ ಸಹಾಯ ಬೇಕಾ?”

“ದೇವರ ವಿಷಯ ಆದರೆ ಬೇಡ ಮಾರಾಯ. ನನಗೆ ಪೆರ್ಡೂರಿನ ಅನಂತಪದ್ಮನಾಭ ಇದ್ದಾನೆ. ಗಿಡಕ್ಕೆ ನೀರು ಹಾಕುವುದಾದರೆ ಕೆಲಸ ಉಂಟು.”

“ಸರಿ. ಕೊಡಪಾನ ಎಲ್ಲಿ?”

ಅಂದಿನಿಂದ ವಾರಕ್ಕೆರಡು ಸಲ ಬಂದ. ನೀರು ಹಾಕಿದ, ಹೂ ಕಟ್ಟಲು ಕಲಿತ, ಈ ಫೋನಿನಲ್ಲಿ ಕನ್ನಡ ಅಕ್ಷರ ಒತ್ತಲು ನನಗೆ ಕಲಿಸಿದ. ನಾನು ಎಲ್ಲೆಲ್ಲೋ ಒತ್ತಿ ಸಿಡುಕಿದರೆ, “ಅವಸರ ಎಂತ ಅಜ್ಜಿ, ಫೋನು ಓಡಿಹೋಗುವುದಿಲ್ಲ” ಎನ್ನುತ್ತಿದ್ದ. ನಮ್ಮ ‘ಎಂತ’ ಅವನ ಬಾಯಿಗೂ ಬಂದಿತ್ತು.

ಅವರಿಗೆ ಕಾಫಿ, ಚಹಾ ಎರಡೂ ನಿಷಿದ್ಧ. ಮನೆಗೆ ಬಂದವರನ್ನು ಬಾಯಾರಿಕೆಗೆ ಕೊಡದೆ ಕಳಿಸುವುದು ಹೇಗೆ? ಅವನಿಗೆಂದೇ ಕೊತ್ತಂಬರಿ, ಜೀರಿಗೆ ಹುರಿದು ಕಷಾಯದ ಪುಡಿ ಮಾಡಿಟ್ಟೆ. ಹಾಲು, ಬೆಲ್ಲ ಹಾಕಿದರೆ ನೋಡಲಿಕ್ಕೆ ಕಾಫಿಯೇ. ಮೊದಲ ಸಲ ಲೋಟಕ್ಕೆ ತುಟಿ ತಾಗಿಸಿದ. “ಛೀ ಛೀ, ಎಂಜಲು ಮಾಡಬೇಡ, ಎತ್ತಿ ಕುಡಿ” ಎಂದೆ. ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ಒಂದು ತಿಂಗಳಲ್ಲಿ ಪಳಗಿ, ತಲೆ ಹಿಂದಕ್ಕೆ ಹಾಕಿ ನಾಲ್ಕೇ ಗುಟುಕಿಗೆ ಲೋಟ ಖಾಲಿ ಮಾಡುವವನಾದ.

ನನಗೆ ಕೀಟಲೆ. “ಒಂದು ಗುಟುಕು ಕಾಫಿ ಕುಡಿ ಮಾರಾಯ. ನಿಮ್ಮ ದೇವರು ಶಂಕರಪುರದ ತನಕ ಬಂದು ನೋಡುತ್ತಾನಾ?”

ಒಂದು ದಿನ ಅವನು ನಗಲಿಲ್ಲ. “ತಬಲಾ ಕ್ಲಾಸು, ಈಜು, ಡಿಪ್ಲೊಮಾ, ಎಲ್ಲ ಅರ್ಧಕ್ಕೆ ಬಿಟ್ಟವನು ನಾನು. ಹೊರಡುವಾಗ ಅಪ್ಪ, ‘ಎರಡು ತಿಂಗಳಿಗೆ ವಾಪಸ್ ಬರುತ್ತೀ’ ಅಂದರು. ಒಂದು ನಿಯಮವನ್ನೂ ಮುರಿಯದೆ ಎರಡು ವರ್ಷ ಮುಗಿಸಿ ಅವರ ಮುಂದೆ ನಿಲ್ಲಬೇಕು ಅಜ್ಜಿ.” ಆಮೇಲೆ ನಾನು ಆ ಕೀಟಲೆ ಬಿಟ್ಟೆ.

ಅವನ ಸೇವೆ ಮುಗಿಯಲು ಹತ್ತು ದಿನ ಇತ್ತು. ನನ್ನ ಕಾಫಿ, ಅವನ ಕಷಾಯ ಒಟ್ಟಿಗೆ ತಂದು ಜಗಲಿಯಲ್ಲಿ ಇಟ್ಟೆ. ಅವನು ತನ್ನದನ್ನು ಎತ್ತಿ ಗಟಗಟ ಮುಗಿಸಿದ. ನಾನು ನನ್ನದನ್ನು ಬಾಯಿಗೆ ಹೊಯ್ದುಕೊಂಡರೆ ಕಷಾಯ! ತುಟಿ ತಾಗಿಸಿ ಗುಟುಕರಿಸುವವನಾಗಿದ್ದರೆ ಅವನಿಗೆ ನಡುವಿನಲ್ಲಾದರೂ ತಿಳಿಯುತ್ತಿತ್ತು. ಎತ್ತಿ ಕುಡಿಯಲು ಕಲಿಸಿದ್ದೂ ನಾನೇ.

ಒಳಗೆ ಹೋಗಿ ಸೊಸೆಗೆ ಹೇಳಿದೆ. “ಸುಮ್ಮನಿರಿ ಅತ್ತೆ. ಅವನಿಗೆ ಗೊತ್ತಾಗಲಿಲ್ಲ ಅಲ್ವಾ? ಖುಷಿಯಲ್ಲಿ ಊರಿಗೆ ಹೋಗಲಿ” ಎಂದಳು. ಸುಮ್ಮನಾದೆ.

ಮೂರು ದಿನ ಬಿಟ್ಟು ಬಂದವನು ಹೂ ಕಟ್ಟುತ್ತಾ, “ಇನ್ನು ಏಳೇ ದಿನ. ಎಲ್ಲ ನಿಯಮ ಪಾಲಿಸಿದೆಯಾ ಅಂತ ಬೆಂಗಳೂರಿನ ನಮ್ಮ ಹಿರಿಯರು ಕೇಳುತ್ತಾರೆ. ಧೈರ್ಯವಾಗಿ ಹೌದು ಅನ್ನುತ್ತೇನೆ” ಎಂದ. ಮುಖ ಅರಳಿತ್ತು. ನನ್ನಿಂದ ತಡೆಯಲಾಗಲಿಲ್ಲ.

“ಮಾರಾಯ, ಮೊನ್ನೆ ನೀನು ಕುಡಿದದ್ದು ಕಾಫಿ. ಲೋಟ ಅದಲುಬದಲಾಯಿತು. ತಪ್ಪು ನನ್ನದು.”

ಜೊತೆಗಾರ ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ವಾಪಸ್ ಇಟ್ಟ.

“ಅದು ಕಾಫಿಯಾ?” ಎಂದ ಇವನು. “ಕಷಾಯದ ಪುಡಿ ಹಾಳಾಗಿದೆ ಅಂದುಕೊಂಡೆ. ನಿಮಗೆ ಬೇಸರ ಆಗಬಾರದು ಅಂತ ಹೇಳಲಿಲ್ಲ.”

“ಎಂತದು? ನಮ್ಮ ಮನೆಯ ಕಾಫಿ ನಿನಗೆ ಹಾಳಾದ ಕಷಾಯವಾ?”

ಮೂವರೂ ನಕ್ಕೆವು. ನಗು ನಿಂತ ಮೇಲೆ ಅವನು ಫೋನು ತೆಗೆದ.

“ಹಿರಿಯರಿಗಾ? ಬೇಡ ಮಾರಾಯ, ಯಾರಿಗೂ ಗೊತ್ತಿಲ್ಲ.”

“ನನಗೆ ಗೊತ್ತಾಯಿತಲ್ಲ ಅಜ್ಜಿ. ಈಗ ಮುಚ್ಚಿಟ್ಟರೆ ಅದು ನಿಯಮ ಮುರಿದ ಹಾಗೆ.” ಹಿರಿಯರ ನಂಬರು ಒತ್ತಿ ಸ್ಪೀಕರಿಗೆ ಹಾಕಿದ.

ಫೋನಿನ ಹತ್ತಿರ ಬಾಗಿ ನಾನೇ ಮೊದಲು ಹೇಳಿದೆ: “ಅವನಿಗೆ ತಿಳಿಯದ ಹಾಗೆ ಕಾಫಿ ಕೊಟ್ಟದ್ದು ನಾನು. ಅವನಿಗೆ ಎಂತದೂ ಹೇಳಬೇಡಿ, ಬೈಯುವುದಾದರೆ ನನಗೆ ಬೈಯಿರಿ.”

ಆ ಕಡೆಯವರಿಗೆ ನಗು ತಡೆಯಲಾಗಲಿಲ್ಲ. “ತಿಳಿಯದೆ ಕುಡಿದರೆ ನಿಯಮ ಮುರಿಯುವುದಿಲ್ಲ ಅಮ್ಮ. ಅವನು ಸರಿಯಾಗಿಯೇ ಮುಗಿಸಿದ್ದಾನೆ.” ಹುಡುಗ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಊರಿಗೆ ಹೋಗಿ ಎರಡನೇ ದಿನ ಸಂದೇಶ ಕಳಿಸಿದ: “ಅಪ್ಪನಿಗೆ ಕಾಫಿಯ ವಿಷಯವನ್ನೂ ಹೇಳಿದೆ. ‘ಇದೊಂದನ್ನು ಪೂರ್ತಿ ಮಾಡಿದೆ ನೋಡು’ ಅಂದರು.”

ಓದಿ ಅಡುಗೆಮನೆಗೆ ಹೋದೆ. ಇಪ್ಪತ್ತಾರು ವರ್ಷದ ಹಿಂದೆ, ಸೊಸೆ ಬಂದ ಹೊಸತರಲ್ಲಿ, ನೆಂಟರೆಲ್ಲ ಕೂತಿದ್ದಾಗ ಪಾಯಸ ಒಡೆದಿತ್ತು. ಕುದಿಯುವ ಹಾಲಿಗೆ ಬೆಲ್ಲ ಹಾಕಿದ್ದು ನಾನು. ಕೆಟ್ಟ ಹೆಸರು ಅವಳಿಗೆ ಬಂತು, ನಾನು ಬಾಯಿ ಬಿಡಲಿಲ್ಲ. ಇಪ್ಪತ್ತೊಂದರ ಹುಡುಗ ಏಳು ದಿನ ಉಳಿದಿರುವಾಗ ಮಾಡಿದ್ದನ್ನು ನಾನು ಅಷ್ಟು ವರ್ಷ ಮಾಡಿರಲಿಲ್ಲ. ಅವನ ಋಣ ನನ್ನ ಮೇಲಿರುವುದು ಇದಕ್ಕೆ. ಸೊಸೆಗೆ ಹೇಳಿದೆ.

ಅವಳು ಸೌಟು ಕೆಳಗಿಟ್ಟಳು. “ಕಾರ್ಕಳಕ್ಕೆ ಫೋನ್ ಮಾಡಿ ಅತ್ತೆ. ನನ್ನ ಅಮ್ಮ ಇವತ್ತಿಗೂ ಅದನ್ನು ಹೇಳಿ ಬೈಯುತ್ತಾರೆ.”

ಮಾಡಿದೆ. ಬೀಗಿತ್ತಿ ಎಲ್ಲ ಕೇಳಿದರು. ಆಮೇಲೆ ಹೇಳಿದರು: “ನಾಳೆ ಪಾಯಸಕ್ಕೆ ಬರುತ್ತೇನೆ. ಮಾಡುವುದು ನನ್ನ ಮಗಳು. ನೀವು ಒಲೆಯ ಹತ್ತಿರ ಬರುವುದು ಬೇಡ.”