ದಾಟಿದ ಮೇಲೆ ತೆಗೆಯುವ ಬೀಗ

ಅವರ ಬಲಗಿವಿಯ ಹಿಂದೆ, ಮೂಳೆ ಎದ್ದು ಕಾಣುವ ಜಾಗದಲ್ಲಿ, ಎಂಟಾಣೆಯಷ್ಟು ಅಗಲದ ಕಪ್ಪು ಗುರುತೊಂದಿತ್ತು. ಅದನ್ನು ನಾನು ಬಹಳ ದಿನ ಹುಟ್ಟುಮಚ್ಚೆ ಎಂದೇ ತಿಳಿದಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಮರದ ಹಿಡಿಯನ್ನು ಆ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವರ ರೂಢಿ. ಹಿಡಿಗೆ ಮೆತ್ತಿದ ಗ್ರೀಸು ವರ್ಷಗಟ್ಟಲೆ ಅಲ್ಲಿಗೇ ತಾಗಿ ತಾಗಿ, ಸೋಪಿಗೆ ಹೋಗದ ಗುರುತಾಗಿತ್ತು.

ಆಂಡರ್ಸನ್‌ಪೇಟೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಚಿನ್ನದ ಗಣಿ ಮುಚ್ಚುವವರೆಗೆ ಭೂಮಿಯೊಳಗೆ ಫಿಟ್ಟರ್ ಆಗಿದ್ದವರು. ಮನೆಮಾತು ತಮಿಳು, ನಮ್ಮ ಕಡೆಯವರೊಂದಿಗೆ ಕನ್ನಡ, ಗಡಿಯಾಚೆಯ ಟ್ರ್ಯಾಕ್ಟರ್‌ನವರೊಂದಿಗೆ ತೆಲುಗು. ತಮಗಿಂತ ಚಿಕ್ಕ ಹೆಣ್ಣುಮಕ್ಕಳೆಲ್ಲ ಅವರಿಗೆ ‘ಪಾಪಾ’. ನಾನೂ.

ನಾನು ಅವರಲ್ಲಿಗೆ ಹೋದದ್ದು ಚಿಕ್ಕಪ್ಪನ ಹಳೆಯ ಜೀಪಿಗಾಗಿ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಬಂಗಾರಪೇಟೆಯ ಹತ್ತಿರದ ನಮ್ಮ ಊರಿಗೆ ಬಂದವಳು ಎರಡು ವರ್ಷ ಮನೆಯಲ್ಲಿದ್ದೆ. ಇದ್ದೆ ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಆ ವರ್ಷಗಳ ಬಗ್ಗೆ ಹೇಳಲಾರೆ. ಅಪ್ಪ ಇರಲಿಲ್ಲ, ಚಿಕ್ಕಪ್ಪನದೇ ಕೊನೆಯ ಮಾತು. ಕಾಮಸಮುದ್ರದಾಚೆ, ಗುಡ್ಡದ ಬುಡದ ಹಳ್ಳಿಗಳಿಂದ ಹಾಲಿನ ಕ್ಯಾನು ತರಲು ಅವರು ಇಟ್ಟುಕೊಂಡಿದ್ದ ಡ್ರೈವರು ಒಂದು ದಿನ ಬರಲಿಲ್ಲ. ನಾನು ಓಡಿಸಿದೆ. ಮರುದಿನವೂ ಅವನು ಬರಲಿಲ್ಲ. ಹಾಗೆ ಬೆಳಗಿನ ಐದೂವರೆಯಿಂದ ಎಂಟೂವರೆಯವರೆಗೆ ಮೂರು ಗಂಟೆ ನನ್ನದಾಯಿತು. ಉಳಿದ ಇಪ್ಪತ್ತೊಂದು ಗಂಟೆ ಅಮ್ಮ, ಮನೆ, ನನ್ನನ್ನು ನೋಡಲು ಬರುವವರು.

ಕೊನೆಯ ಹಳ್ಳಿಗೆ ಮುಂಚೆ ಒಂದು ಮರಳಿನ ಹಳ್ಳವಿದೆ, ಸೇತುವೆಯಿಲ್ಲ. ಮಳೆ ಬಂದ ಮರುದಿನ ಅಲ್ಲಿ ಜೀಪು ಹೂತು ನಿಲ್ಲುತ್ತಿತ್ತು. ಎರಡು ಸಲ ಹಳ್ಳಿಯವರು ತಳ್ಳಿದರು; ಎರಡನೆಯ ಸಲ ಹಾಲು ಕೇಂದ್ರ ಮುಟ್ಟುವಷ್ಟರಲ್ಲಿ ಒಡೆದಿತ್ತು.

“ಇನ್ನೊಂದ್ ಕಿತ ಸಿಕ್ಕಾಕ್ಕೊಂಡ್ರೆ ಮಾರ್ಬುಡ್ತೀನಿ,” ಎಂದರು ಚಿಕ್ಕಪ್ಪ. “ನೀನೂ ತೆಪ್ಪಗೆ ಮನೇಲಿರು. ಎಣ್ಣುಡುಗಿ ಜೀಪ್ ಓಡಿಸ್ತದೆ ಅಂತ ಬಂದೋರೆಲ್ಲಾ ಕೇಳ್ತಾವ್ರೆ.”

ಮೇಸ್ತ್ರಿಯ ಹತ್ತಿರ ನಾನು ಓದಿಯೇ ಹೋಗಿದ್ದೆ. ಎರಡು ಚಕ್ರಗಳಿಗೆ ಇಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್‌ಗಳಲ್ಲಿ ಯಾವುದನ್ನು ಹಾಕಿಸಿದರೆ ಮರಳಿನಲ್ಲಿ ಹಿಡಿತ ಹೆಚ್ಚುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದ್ದೆ. ಮೇಸ್ತ್ರಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ ವಾಪಸು ಕೊಟ್ಟರು.

“ಅಕ್ಷರ ಚೆನ್ನಾಗದೆ ಪಾಪಾ. ಈಗ ಕೂತ್ಕೋ ಇಲ್ಲಿ.”

ಜೀಪಿನ ಹಿಂಭಾಗವನ್ನು ಜಾಕಿಯಿಂದ ಎತ್ತಿ, ಗೇರಿಗೆ ಹಾಕಿ, ಒಂದು ಚಕ್ರವನ್ನು ನನ್ನ ಕೈಯಿಂದಲೇ ಮುಂದಕ್ಕೆ ತಿರುಗಿಸಿದರು. ಆಚೆಯ ಚಕ್ರ ಹಿಂದಕ್ಕೆ ತಿರುಗಿತು.

“ನೋಡ್ದ್ಯಾ? ಒಂದು ಅಂಗೆ, ಒಂದು ಇಂಗೆ. ರೋಡಿನ ತಿರುವಲ್ಲಿ ಇದು ಬೇಕು, ಹೊರಗಿನ ಚಕ್ರ ಜಾಸ್ತಿ ಓಡ್ಬೇಕಲ್ಲ. ಆದ್ರೆ ಮರಳಲ್ಲಿ ಯಾವ ಚಕ್ರಕ್ಕೆ ಸುಲಭವೋ ಅದೇ ಸುತ್ತತ್ತೆ. ಕಲ್ಲು ಮೇಲೆ ಗಟ್ಟಿಯಾಗಿರೋದು ಸುಮ್ನೆ ನಿಂತಿರತ್ತೆ. ಮುಂದಿನ ಜೋಡೀನೂ ಅಷ್ಟೇ. ಹೆಸರಿಗೆ ನಾಲ್ಕು ಚಕ್ರದ ಗಾಡಿ, ಕೆಟ್ಟ ಜಾಗದಲ್ಲಿ ಎರಡು ಚಕ್ರ ಬರೀ ಸುತ್ತತ್ತೆ, ಎರಡು ಬೆಪ್ಪಗೆ ನಿಂತಿರತ್ತೆ.”

ಗಟ್ಟಿಯಾಗಿರುವುದು ಸುಮ್ಮನೆ ನಿಂತಿರುತ್ತದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ನನ್ನೊಡನಿತ್ತು.

ಹಳ್ಳದವರೆಗೆ ಬರಲು ಅವರಿಗೆ ಉಸಿರಿರಲಿಲ್ಲ. ಗಣಿಯ ದೂಳು ಎದೆಯಲ್ಲೇ ಕೂತಿತ್ತು; ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಿದ್ದರು. ಆದರೆ ಜಾಗ ತಿಳಿಯದೆ ಸಾಮಾನು ಹೇಳುವವರೂ ಅಲ್ಲ. “ಮರಳು ತಕೊಂಡ್ ಬಾ,” ಎಂದರು. ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಕೊಂಡು ಹೋದೆ. ಅಂಗೈಯಲ್ಲಿ ಸುರಿದುಕೊಂಡು ಹೆಬ್ಬೆರಳಿನಿಂದ ಉಜ್ಜಿದರು. ನಾನು ಕಣದ ಗಾತ್ರ ಹೇಳಹೊರಟೆ.

“ಗಾತ್ರ ನಿಮ್ ಮೇಷ್ಟ್ರಿಗೆ ಹೇಳು. ಚಕ್ರ ಇಳಿದಾಗ ಪಕ್ಕದ ಮರಳು ಜಾರಿ ಒಳಗೆ ಬೀಳತ್ತಾ, ಅಂಗೇ ನಿಲ್ಲತ್ತಾ?”

“ಬೀಳುತ್ತೆ.”

“ಇನ್ನೊಂದು ಚಕ್ರ?”

“ಬಂಡೆ ಮೇಲೆ. ಒಂದೊಂದು ಸಲ ಎದ್ದು ಗಾಳಿಯಲ್ಲಿರುತ್ತೆ.”

ಆಗ ಅವರ ತೀರ್ಮಾನ ಹೊರಬಿತ್ತು. ಒಳಗೆ ಒಂದಕ್ಕೊಂದು ಉಜ್ಜಿ ಹಿಡಿಯುವ ಪ್ಲೇಟುಗಳಿರುವ ಡಿಫರೆನ್ಷಿಯಲ್ ಬೇಡ. ಕೆಸರಿಗೆ ಆಗುತ್ತದೆ, ಆದರೆ ಚಕ್ರ ಗಾಳಿಯಲ್ಲಿ ಎದ್ದರೆ ಕೈಬಿಡುತ್ತದೆ, ಪ್ಲೇಟೂ ಸವೆಯುತ್ತದೆ. ತಾನಾಗಿಯೇ ಬಿಗಿದು ತಾನಾಗಿಯೇ ಬಿಡುವುದೂ ಬೇಡ. ಕ್ಯಾನು ತುಂಬಿಕೊಂಡು ಗುಡ್ಡದ ತಿರುವು ಇಳಿಯುವಾಗ ಅದು ಯಾವಾಗ ಹಿಡಿಯುತ್ತದೋ ತಿಳಿಯದು. ಹಿಂದಿನ ಆಕ್ಸಲ್‌ಗೆ ಮಾತ್ರ, ಕೈಯಿಂದ ಎಳೆಯುವ ಲಾಕ್. ಎಳೆದರೆ ಎರಡೂ ಚಕ್ರ ಒಂದೇ ಆಗಿ ತಿರುಗುತ್ತವೆ.

ಲಾಕ್ ಎಂಬ ಮಾತಿಗೇ ನಾನು ಹಿಂಜರಿದಿರಬೇಕು. ಅವರು ನನ್ನ ಮುಖ ನೋಡಿದರು.

“ಗಣಿಗೆ ಜನ ಇಳಿಸೋ ಕೇಜಲ್ಲಿ ನಾನು ಸಿಕ್ಕಾಕೊಂಡಿದ್ದೆ ಒಂದ್ಸಲ. ಮೇಲೂ ಇಲ್ಲ, ಕೆಳಗೂ ಇಲ್ಲ. ಒಂದಿಷ್ಟು ಜನ ಕಂಬಿ ಇಡ್ಕೊಂಡು ಅಲ್ಲಾಡ್ಸಿದ್ರು, ಕೂಗಿದ್ರು. ಒಬ್ಬ ಮುದುಕ ಮಾತ್ರ ಲೈಟ್ ಆರಿಸ್ಬಿಟ್ಟು ಕೂತ. ಯಾಕಯ್ಯಾ ಅಂದ್ರೆ, ಮೊದ್ಲು ಸದ್ದು ನಿಲ್ಲಿಸ್ರೋ, ಯಾವ ಕಡೆ ಹಿಡ್ಕೊಂಡಿದೆ ಕೇಳೋಣ ಅಂದ.” ಉಸಿರೆಳೆದುಕೊಂಡರು. “ನೀನೂ ಅಷ್ಟೇ. ಸಿಕ್ಕಾಕೊಂಡ ತಕ್ಷಣ ಇಂಜಿನ್ ಆಫ್ ಮಾಡು. ಇಳಿ. ನೋಡು. ಆಮೇಲೆ ಬೀಗ.”

ಲಾಕ್ ಅನ್ನು ಅವರು ನನ್ನ ಮುಂದೆ ಅಂದಿನಿಂದ ಬೀಗ ಎಂದೇ ಕರೆದರು. ಅದರಿಂದಾದ ಫಜೀತಿ ನಮ್ಮ ಮನೆಯಲ್ಲಿ ಮಾತ್ರ ಆಗುವಂಥದ್ದು. ಒಂದು ಮಧ್ಯಾಹ್ನ ಅವರು ಫೋನ್ ಮಾಡಿದಾಗ ನಾನು ಕೊಟ್ಟಿಗೆಯಲ್ಲಿದ್ದೆ, ಅಮ್ಮ ಎತ್ತಿಕೊಂಡರು. ನಾನು ಬರುವಷ್ಟರಲ್ಲಿ ಅಮ್ಮನ ಮುಖ ಅರಳಿತ್ತು.

“ಮೇಸ್ತ್ರಿ ಅಂತೆ. ಬೀಗ ಸಿಕ್ಕವ್ನೆ ಅಂದ್ರು. ಒಸೂರಲ್ಲಂತೆ. ನೀನು ಬಂದು ನೋಡಿ ಒಪ್ಕೊಂಡ್ರೆ ಮುಂದಿನ ವಾರವೇ ಆಗೋಗ್ತದಂತೆ!” ಆಮೇಲೆ ದನಿ ತಗ್ಗಿಸಿ, “ವಸಿ ಹಳೇದು, ಆದ್ರೆ ಗಟ್ಟಿ ಅಂದ್ರು. ವಯಸ್ಸಾಗಿರ್ಬೇಕು ಬೀಗರಿಗೆ. ಆಗ್ಲಿ ಬುಡು, ನಮಗೆ ಬೇಕಾಗಿರೋದು ಹುಡುಗ ತಾನೆ?”

ಮನೆಯಲ್ಲಿ ನಾನು ಹಾಗೆ ನಕ್ಕು ವರ್ಷವಾಗಿತ್ತು. ಅದು ಜೀಪಿನ ಬೀಗ ಎಂದು ಹೇಳಿದಾಗ ಅಮ್ಮ ನಗಲಿಲ್ಲ. ಮೇಸ್ತ್ರಿಗೆ ಹೇಳಿದೆ, ನಕ್ಕು ನಕ್ಕು ಕೆಮ್ಮಿ, ಚಕ್ರದ ಮೇಲೆ ಕೂತುಬಿಟ್ಟರು. “ನಿಮ್ಮಮ್ಮಂಗೆ ಹೇಳು ಪಾಪಾ, ಈ ಬೀಗಂಗೆ ಕೈಗಡಿಯಾರ ಕೇಳೋ ಅಭ್ಯಾಸ ಇಲ್ಲ ಅಂತ.”

ಹೊಸೂರಿನ ಗುಜರಿಗೆ ಬಂದ ಜೀಪೊಂದರಿಂದ ಬಿಚ್ಚಿದ ಸಾಮಾನು ಅದು. ಕೂರಿಸಲು ಎರಡು ದಿನ ಹಿಡಿಯಿತು. ನಟ್ಟು ಬಿಗಿದವಳು ನಾನು, ಸ್ಕ್ರೂಡ್ರೈವರ್ ಹಿಡಿದು ಕೇಳಿದವರು ಅವರು. ಕೊನೆಗೆ, ಸೀಟಿನ ಪಕ್ಕದ ಸಣ್ಣ ಹಿಡಿಕೆಯ ಮೇಲೆ ನನ್ನ ಕೈ ಇರಿಸಿ ಹೇಳಿದರು: “ಹಾಕೋದು ಎಲ್ರಿಗೂ ಬರತ್ತೆ. ದಾಟಿದ ಮೇಲೆ ತೆಗೀಬೇಕು. ಗಟ್ಟಿ ರೋಡಲ್ಲಿ ಬೀಗ ಹಾಕ್ಕೊಂಡೇ ತಿರುಗಿದ್ರೆ ಆಕ್ಸಲ್ ಮುರಿಯತ್ತೆ.”

ಮಳೆಗಾಲ ಬಂತು. ಮೇಸ್ತ್ರಿ ಶೆಡ್ಡಿಗೆ ಬರುವುದನ್ನು ನಿಲ್ಲಿಸಿದ್ದರು. ರಾತ್ರಿಯೆಲ್ಲ ಸುರಿದ ಮರುಬೆಳಿಗ್ಗೆ ಚಿಕ್ಕಪ್ಪ, ತಾವೇ ಕಣ್ಣಾರೆ ನೋಡಬೇಕೆಂದು, ನನ್ನ ಪಕ್ಕ ಹತ್ತಿ ಕೂತರು. ಹಾಲು ತುಂಬಿಕೊಂಡು ವಾಪಸು ಬರುವಾಗ ಹಳ್ಳದ ನಡುವೆ ಹಿಂದಿನ ಎಡಚಕ್ರ ಇಳಿಯಿತು.

“ಆಯ್ತಲ್ಲ,” ಎಂದರು ಅವರು. “ನಾ ಏಳ್ಲಿಲ್ವಾ?”

ಇಂಜಿನ್ ಆಫ್ ಮಾಡಿದೆ. ಇಳಿದೆ. ಮೊಣಕಾಲಿನವರೆಗೆ ನೀರು. ಎಡಚಕ್ರ ಅರ್ಧ ಹೂತಿತ್ತು, ಬಲಚಕ್ರ ಬಂಡೆಯ ಮೇಲಿತ್ತು. ಹತ್ತಿ ಹಿಡಿಕೆ ಎಳೆದೆ. ಮೆಲ್ಲಗೆ ಮೊದಲ ಗೇರು. ಬಂಡೆಯ ಮೇಲಿನ ಚಕ್ರ ಹಿಡಿಯಿತು. ಜೀಪು ಒಮ್ಮೆ ನಡುಗಿ, ದಡ ಹತ್ತಿ, ಹೊರಬಂತು.

ಹಾಲಿನ ಕೇಂದ್ರ ಮುಟ್ಟಿದೆವು. ಇಳಿಯುವಾಗ ಚಿಕ್ಕಪ್ಪ, “ಆ ಕಡೆ ಬಾಗ್ಲು ಸರಿಯಾಗಿ ಮುಚ್ಕೊಳ್ತಿಲ್ಲ ನೋಡು, ರಿಪೇರಿ ಮಾಡ್ಸು,” ಎಂದರು. ಮಾರುವ ಜೀಪಿನ ಬಾಗಿಲನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ.

ಅಲ್ಲಿಂದ ನೇರ ಮೇಸ್ತ್ರಿಯ ಮನೆಗೆ ಹೋದೆ. ಗಣಿಯವರ ಹಳೆಯ ಲೈನ್ ಮನೆ. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈಯೆತ್ತಿದರು.

“ತೆಗೆದ್ಯಾ?”

“ದಡದಲ್ಲೇ ತೆಗೆದೆ.”

“ನೀನು ತೆಗೆದೆ. ಅದು ಬಿಟ್ಟಿಲ್ಲ, ಒಳಗೆ ಹಲ್ಲು ಬಿಗಿದು ಕೂತದೆ.” ಬೀದಿಯ ತಿರುವಿನಲ್ಲಿ ಟೈರು ಕಿರುಗುಟ್ಟಿದ್ದನ್ನು ಮಂಚದಲ್ಲೇ ಕೇಳಿಸಿಕೊಂಡಿದ್ದರು. “ಎಳೀಬೇಡ. ಒಂದು ಮೊಳ ಹಿಂದಕ್ಕೆ ಬಾ, ತಾನೇ ಬಿಡತ್ತೆ. ಓಗು, ಈಗ್ಲೇ. ನಾನು ಕೇಳ್ತೀನಿ.”

ಹೊರಗೆ ಹೋಗಿ ಜೀಪನ್ನು ಒಂದು ಮೊಳ ಹಿಂದಕ್ಕೆ ತೆಗೆದುಕೊಂಡೆ. ಅಡಿಯಲ್ಲಿ ಟಕ್ ಎಂದಿತು. ಕಿಟಕಿಯ ಒಳಗಿನಿಂದ ಬಂದದ್ದು ನಗುವೋ ಕೆಮ್ಮೋ ತಿಳಿಯಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಬಾಗಿಲಿಗೆ ಬಂದು, ಸ್ವಲ್ಪ ಮಲಗಲಿ, ನಾಳೆ ಬಾಮ್ಮ ಎಂದರು.

ಆ ನಾಳೆ ನನಗೆ ಹೋಗಲಾಗಲಿಲ್ಲ. ಮನೆಗೆ ಯಾರೋ ನೋಡಲು ಬರುವವರಿದ್ದರು. ಅದರ ಮರುದಿನ ಅವರು ತೀರಿಕೊಂಡರು. ಹಳ್ಳ ದಾಟಿದೆ ಎಂದು ನಾನು ಅವರಿಗೆ ಹೇಳಲೇ ಇಲ್ಲ ಎಂಬುದು ಬಹಳ ದಿನ ಕೊರೆಯುತ್ತಿತ್ತು. ಆಮೇಲೆ ಹೊಳೆಯಿತು: ಬೀಗ ಹಾಕಿಕೊಂಡೇ ಅವರ ಬಾಗಿಲಿಗೆ ಬಂದಿದ್ದೆ. ಅವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಅಮ್ಮ ಇನ್ನೂ ತಮಗೆ ಬೇಕಾದ ಬೀಗರನ್ನು ಹುಡುಕುತ್ತಿದ್ದಾರೆ. ನನ್ನ ಮೂರು ಗಂಟೆ ಮೂರೇ ಆಗಿ ಉಳಿದಿದೆ. ಹಳ್ಳ ದಾಟಿದ ಮೇಲೆ ದಡದಲ್ಲಿ ನಿಲ್ಲಿಸಿ, ಹಿಡಿಕೆ ಬಿಟ್ಟು, ಒಂದು ಮೊಳ ಹಿಂದಕ್ಕೆ ಬರುತ್ತೇನೆ. ಆ ಸದ್ದು ಕೇಳಿಸುವವರೆಗೆ ಮುಂದಕ್ಕೆ ಹೋಗುವುದಿಲ್ಲ.